ವಾಚಕನ ಕಂಠದಲ್ಲಿ ಅದ್ಭುತಲೋಕ: ಧ್ವನಿಪುಸ್ತಕದ ಚರಿತ್ರೆಗೆ ಒಂದು ಜಾನಪದೀಯ ಪ್ರವೇಶ

ಕಥೆಯನ್ನು ಕೇಳುವ ರೂಢಿಯು ಓದುವ ರೂಢಿಗಿಂತ ಹಳೆಯದು ಎಂಬ ಮಾತನ್ನು ಜಾನಪದ ವಿದ್ವಾಂಸರು ಮತ್ತೆ ಮತ್ತೆ ಹೇಳುತ್ತ ಬಂದಿದ್ದಾರೆ. ಕಂಠದಲ್ಲಿದ್ದ ಕಾವ್ಯ ಬರಹಕ್ಕಿಳಿದಾಗ ಏನನ್ನು ಕಳೆದುಕೊಳ್ಳುತ್ತದೆ ಎಂಬುದೂ ನಮ್ಮಲ್ಲಿ ಸಾಕಷ್ಟು ಚರ್ಚೆಯಾಗಿದೆ. ಆದರೆ ಇದರ ತಿರುಗುಮುರುಗಾದ ಪ್ರಶ್ನೆಯನ್ನು, ಅಂದರೆ ಅಚ್ಚಿಗಾಗಿಯೇ ಬರೆದ ಕೃತಿಯೊಂದು ಕಂಠಕ್ಕೆ ಬಂದಾಗ ಏನನ್ನು ಪಡೆದುಕೊಳ್ಳುತ್ತದೆ ಎಂಬುದನ್ನು, ನಾವು ಅಷ್ಟಾಗಿ ಕೇಳಿಕೊಂಡಿಲ್ಲ. ಇಂಗ್ಲಿಷಿನಲ್ಲಿ ಫ್ಯಾಂಟಸಿ ಎಂದು ಕರೆಯಲಾಗುವ ಅದ್ಭುತ ಕಾದಂಬರಿಗಳ ಧ್ವನಿಪುಸ್ತಕಗಳು ಈ ಪ್ರಶ್ನೆಗೆ ಉತ್ತಮ ಆಕರಗಳಾಗಿವೆ. ಒಳ್ಳೆಯ ವಾಚಕ ದೊರೆತರೆ ಕಾದಂಬರಿಯ ಸತ್ವ ಹೆಚ್ಚುತ್ತದೆ ಎಂಬುದು ಅವುಗಳ ಕೇಳುಗರ ಸಾಮಾನ್ಯ ಅನುಭವ. ಈ ಅನುಭವದ ಹಿಂದಿನ ಕಾರಣಗಳನ್ನು ಚಾರಿತ್ರಿಕವಾಗಿ ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ. ವಾಚಕನು ಕೃತಿಗೆ ಹೊಸ ಮಾತನ್ನೇನೂ ಸೇರಿಸುವುದಿಲ್ಲ. ಅಚ್ಚು ಕೈಬಿಟ್ಟದ್ದನ್ನು ಮರಳಿ ಒದಗಿಸುತ್ತಾನೆ. ಆದಕಾರಣ ಕೃತಿಯ ಚರಿತ್ರೆಯಲ್ಲಿ ಅವನಿಗೂ ಹೆಸರಿರಬೇಕು ಎಂಬುದು ಇಲ್ಲಿಯ ಪ್ರತಿಪಾದನೆ.

1

ಥಾಮಸ್ ಎಡಿಸನ್ 1877ರಲ್ಲಿ ಫೋನೋಗ್ರಾಫನ್ನು ರೂಪಿಸಿದನು. ಮರುವರ್ಷವೇ ಅದರ ಮುಂದಿನ ಉಪಯೋಗಗಳನ್ನು ಕುರಿತು ಬರೆಯುತ್ತ ಅಂಧರಿಗಾಗಿ ಮಾತನಾಡುವ ಪುಸ್ತಕಗಳು ಬರಬಹುದೆಂದು ಸೂಚಿಸಿದನು. ಆದರೆ ಆ ಕಾಲದ ಯಂತ್ರದಲ್ಲಿ ಕೆಲವೇ ನಿಮಿಷಗಳ ಧ್ವನಿಯನ್ನು ಹಿಡಿದಿಡಬಹುದಾಗಿತ್ತು. ಇಡೀ ಪುಸ್ತಕವನ್ನು ಧ್ವನಿಮುದ್ರಿಸುವ ಕೆಲಸ ಸಾಧ್ಯವಾದದ್ದು ನಿಧಾನವಾಗಿ ತಿರುಗುವ ದೊಡ್ಡ ತಟ್ಟೆಗಳು ಬಂದ ಮೇಲೆ. ಅಮೆರಿಕದಲ್ಲಿ 1931ರ ಕಾಯಿದೆಯೊಂದು ವಯಸ್ಕ ಅಂಧರ ಓದಿಗೆ ಸರಕಾರಿ ಹಣವನ್ನು ಒದಗಿಸಿತು. 1934ರಲ್ಲಿ ಅಲ್ಲಿ ಮೊದಲ ಮಾತನಾಡುವ ಪುಸ್ತಕಗಳು ಹೊರಬಂದವು. ಬ್ರಿಟನ್ನಿನಲ್ಲಿ 1935ರಲ್ಲಿ ಇಂಥದೇ ಸೇವೆ ಆರಂಭವಾಯಿತು. ಮೊದಲನೆಯ ಮಹಾಯುದ್ಧದಲ್ಲಿ ಕಣ್ಣು ಕಳೆದುಕೊಂಡ ಸೈನಿಕರ ಅಗತ್ಯ ಇದಕ್ಕೆ ಒಂದು ಮುಖ್ಯ ಪ್ರೇರಣೆಯಾಗಿತ್ತು.

ಈ ಆರಂಭದ ಘಟ್ಟದಲ್ಲಿಯೇ ಒಂದು ತಾತ್ವಿಕ ಚರ್ಚೆ ಹುಟ್ಟಿಕೊಂಡಿತು. ವಾಚಕನು ಪಾತ್ರಗಳನ್ನು ಅಭಿನಯಿಸಬೇಕೇ, ಅಥವಾ ತನ್ನನ್ನು ಹಿಂದಿಟ್ಟುಕೊಂಡು ಸಮಸ್ವರದಲ್ಲಿ ಓದಬೇಕೇ? ಅಂಧ ಓದುಗರಲ್ಲಿ ಅನೇಕರು ಅತಿಯಾದ ಅಭಿನಯವನ್ನು ಒಪ್ಪಲಿಲ್ಲ. ಪುಸ್ತಕವನ್ನು ಓದುವ ಹಕ್ಕು ತಮ್ಮದು. ಅರ್ಥವನ್ನು ತಾವೇ ಕಟ್ಟಿಕೊಳ್ಳಬೇಕು ಎಂಬುದು ಅವರ ನಿಲುವಾಗಿತ್ತು. ಕಣ್ಣಿದ್ದವರು ಮನರಂಜನೆಗೆಂದು ಧ್ವನಿಪುಸ್ತಕವನ್ನು ಕೇಳುವುದು ವ್ಯಾಪಕವಾದದ್ದು ಮುಂದಿನ ದಶಕಗಳಲ್ಲಿ. ಮೊದಲು 1963ರಲ್ಲಿ ಬಂದ ಕ್ಯಾಸೆಟ್ಟಿನಿಂದ, ಬಳಿಕ ಅಂತರ್ಜಾಲದಿಂದ. ಆದರೂ ಅಂಧ ಓದುಗರು ಎತ್ತಿದ ಆ ಹಳೆಯ ಪ್ರಶ್ನೆಯೇ ಇಂದಿಗೂ ಒಳ್ಳೆಯ ವಾಚನದ ಒರೆಗಲ್ಲಾಗಿ ಉಳಿದಿದೆ.

2

ಅದ್ಭುತ ಕಾದಂಬರಿ ಮತ್ತು ಕಂಠದ ಸಂಬಂಧವನ್ನು ತಿಳಿಯಲು ಜೆ.ಆರ್.ಆರ್. ಟೋಲ್ಕಿನ್ ಅವರ ಜೀವನದ ಒಂದು ಪ್ರಸಂಗ ಸಹಾಯಕವಾಗಿದೆ. 1937ರಲ್ಲಿ ‘ದ ಹಾಬಿಟ್’ ಪ್ರಕಟವಾದ ನಂತರ ಅವರು ಹನ್ನೆರಡು ವರ್ಷಗಳ ಕಾಲ ‘ದ ಲಾರ್ಡ್ ಆಫ್ ದ ರಿಂಗ್ಸ್’ ಬರೆದರು. ಅದರ ಗಾತ್ರವೇ ಪ್ರಕಾಶಕರನ್ನು ಹಿಂಜರಿಯುವಂತೆ ಮಾಡಿತು; 1952ರ ಹೊತ್ತಿಗೆ ಕೃತಿ ಬೆಳಕು ಕಾಣುವ ಭರವಸೆಯೇ ಅವರಲ್ಲಿ ಕುಗ್ಗಿತ್ತು. ಆ ವರ್ಷದ ಆಗಸ್ಟ್ ತಿಂಗಳಲ್ಲಿ ಅವರು ಮಾಲ್ವರ್ನ್ ಎಂಬ ಊರಿನಲ್ಲಿದ್ದ ಗೆಳೆಯ ಜಾರ್ಜ್ ಸೇಯರ್ ಅವರ ಮನೆಗೆ ಹೋದಾಗ ಅಲ್ಲಿ ಒಂದು ಟೇಪ್ ರೆಕಾರ್ಡರ್ ಇತ್ತು. ಯಂತ್ರದೊಳಗೆ ಭೂತವಿದ್ದರೆ ಓಡಲಿ ಎಂದು ತಮಾಷೆಗೆ ಮೊದಲು ಗಾಥಿಕ್ ಭಾಷೆಯ ಪ್ರಾರ್ಥನೆಯೊಂದನ್ನು ಹೇಳಿ, ಅನಂತರ ತಮ್ಮ ಕೃತಿಗಳ ಭಾಗಗಳನ್ನು ಓದಿದರು, ಹಾಡುಗಳನ್ನು ಹಾಡಿದರು. ತಮ್ಮ ದನಿಯಲ್ಲಿ ತಮ್ಮದೇ ಕಥೆಯನ್ನು ಮತ್ತೆ ಮತ್ತೆ ಕೇಳಿದಂತೆ ಕೃತಿಯ ಬಗೆಗಿನ ಅವರ ವಿಶ್ವಾಸ ಮರಳಿತೆಂದು ಸೇಯರ್ ನೆನಪಿಸಿಕೊಂಡಿದ್ದಾರೆ. ಕಾದಂಬರಿ 1954–55ರಲ್ಲಿ ಮೂರು ಸಂಪುಟಗಳಲ್ಲಿ ಪ್ರಕಟವಾಯಿತು. ಆ ಧ್ವನಿಮುದ್ರಣಗಳು ಅವರ ಮರಣಾನಂತರ, 1975ರಲ್ಲಿ, ತಟ್ಟೆಗಳಾಗಿ ಹೊರಬಂದವು.

ಅಚ್ಚಾಗುವ ಮುನ್ನವೇ ಕಂಠದಲ್ಲಿ ಪರೀಕ್ಷೆಗೊಳಗಾದ ಈ ಕೃತಿಯಲ್ಲಿ ಕಂಠವನ್ನೇ ಬೇಡುವ ಅಂಶಗಳು ಅನೇಕ. ಗಾಲಮ್ ಎಂಬ ಪಾತ್ರವನ್ನೇ ನೋಡಬಹುದು. ಆ ಹೆಸರು ಅವನು ಗಂಟಲಿನಲ್ಲಿ ಹೊರಡಿಸುವ ಒಂದು ವಿಕಾರ ಶಬ್ದದಿಂದ ಬಂದದ್ದು. ಪುಟದ ಮೇಲೆ ಅದು ಬರಿಯ ಹೆಸರು. ವಾಚಕನ ಗಂಟಲಿನಲ್ಲಿ ಮಾತ್ರ ಅದು ಮತ್ತೆ ಶಬ್ದವಾಗುತ್ತದೆ.

3

ಒಳ್ಳೆಯ ವಾಚಕನು ಇಂಥ ಕಾದಂಬರಿಗೆ ಸಲ್ಲಿಸುವ ಸೇವೆಯನ್ನು ನಾಲ್ಕು ನೆಲೆಗಳಲ್ಲಿ ಗುರುತಿಸಬಹುದು.

ಮೊದಲನೆಯದು ಹೆಸರುಗಳ ಉಚ್ಚಾರ. ವಾಸ್ತವ ಜಗತ್ತಿನ ಕಾದಂಬರಿಯಲ್ಲಿ ಬರುವ ಊರು, ವ್ಯಕ್ತಿಗಳ ಹೆಸರುಗಳು ಓದುಗನ ಕಿವಿಗೆ ಸಾಮಾನ್ಯವಾಗಿ ಪರಿಚಿತ. ಕಲ್ಪಿತ ಜಗತ್ತಿನ ಹೆಸರುಗಳನ್ನು ಯಾರೂ ಹಿಂದೆ ಕೇಳಿರುವುದಿಲ್ಲ. ಜೊತೆಗೆ ಇಂಗ್ಲಿಷ್ ಲಿಪಿಯಲ್ಲಿ ಬರೆದಂತೆ ಓದುವ ಕ್ರಮವೂ ಇಲ್ಲ. ಟೋಲ್ಕಿನ್ ತಮ್ಮ ಕೃತಿಯ ಅನುಬಂಧದಲ್ಲಿ ಉಚ್ಚಾರದ ನಿಯಮಗಳನ್ನೇ ಕೊಟ್ಟಿದ್ದಾರೆ. ಅದರಂತೆ ಅನೇಕರು ‘ಸೆಲೆಬಾರ್ನ್’ ಎಂದು ಓದಿಕೊಳ್ಳುವ ಹೆಸರು ವಾಸ್ತವವಾಗಿ ‘ಕೆಲೆಬಾರ್ನ್’. ಮೂರನೆಯ ಸಂಪುಟದ ಕೊನೆಯಲ್ಲಿರುವ ಈ ನಿಯಮವನ್ನು ತಲುಪುವ ಹೊತ್ತಿಗೆ ಓದುಗನು ಸಾವಿರಾರು ಸಾಲುಗಳನ್ನು ತಪ್ಪಾಗಿ ಓದಿರುತ್ತಾನೆ. ವಾಚಕನು ಅದನ್ನು ಮೊದಲೇ ಅಭ್ಯಾಸ ಮಾಡಿ ಬಂದಿದ್ದರೆ ಕೇಳುಗನು ಆರಂಭದಿಂದಲೇ ಸರಿಯಾದ ನಾಡಿನಲ್ಲಿರುತ್ತಾನೆ.

ಎರಡನೆಯದು ಪಾತ್ರಗಳ ವಿಂಗಡಣೆ. ‘ಹ್ಯಾರಿ ಪಾಟರ್’ ಸರಣಿಯ ಐದನೆಯ ಪುಸ್ತಕದ 2003ರ ವಾಚನದಲ್ಲಿ ಜಿಮ್ ಡೇಲ್ 134 ಪಾತ್ರಗಳಿಗೆ ಬೇರೆ ಬೇರೆ ದನಿಗಳನ್ನು ನೀಡಿ ಗಿನ್ನೆಸ್ ದಾಖಲೆಗೆ ಸೇರಿದರು. ಇದೇ ಸರಣಿಯನ್ನು ಬ್ರಿಟನ್ನಿನ ಕೇಳುಗರಿಗಾಗಿ ಓದಿದವರು ಸ್ಟೀಫನ್ ಫ್ರೈ. ಕಥೆ ಒಂದೇ ಆದರೂ ಅಮೆರಿಕದ ಮಕ್ಕಳು ಕೇಳಿದ್ದು ಒಂದು ಪಾಠ, ಬ್ರಿಟನ್ನಿನ ಮಕ್ಕಳು ಕೇಳಿದ್ದು ಇನ್ನೊಂದು. ಒಂದೇ ಕಥೆಗೆ ಇಬ್ಬರು ಕಲಾವಿದರಿಂದ ಎರಡು ಪಾಠಗಳು ದೊರೆಯುವುದು ಜಾನಪದ ಸಂಶೋಧಕರಿಗೆ ಹೊಸ ವಿಷಯವಲ್ಲ.

ಮೂರನೆಯದು ಹಾಡು. ಟೋಲ್ಕಿನ್ ಅವರ ಗದ್ಯದ ನಡುವೆ ಹೇರಳವಾಗಿ ಬರುವ ಪದ್ಯಗಳನ್ನು ಓದುಗರು ಬಿಟ್ಟು ಮುಂದೆ ಹೋಗುವುದುಂಟು. ರಂಗಭೂಮಿಯ ಮೇಲೆ ಏಕವ್ಯಕ್ತಿ ಪ್ರದರ್ಶನವಾಗಿ ಈ ಕಥೆಗಳನ್ನು ಹೇಳಿ ಪಳಗಿದ್ದ ರಾಬ್ ಇಂಗ್ಲಿಸ್ 1990ರ ಸುಮಾರಿಗೆ ಇಡೀ ಕೃತಿಯನ್ನು ಐವತ್ತು ಗಂಟೆಗೂ ಹೆಚ್ಚು ಅವಧಿಯಲ್ಲಿ ವಾಚಿಸಿದಾಗ ಆ ಪದ್ಯಗಳನ್ನು ಹಾಡಿದರು. ಚಲನಚಿತ್ರದಲ್ಲಿ ಗಾಲಮ್ ಆಗಿದ್ದ ಆಂಡಿ ಸರ್ಕಿಸ್ 2021ರಲ್ಲಿ ಅದೇ ಕೃತಿಯನ್ನು ಮತ್ತೊಮ್ಮೆ ವಾಚಿಸಿದರು. ಕಣ್ಣು ದಾಟಿಹೋಗುತ್ತಿದ್ದ ಪದ್ಯಗಳು ಇಂಥ ವಾಚನಗಳಿಂದ ಕಥೆಯೊಳಗೆ ಮರಳಿ ಸ್ಥಾನ ಪಡೆದವು.

ನಾಲ್ಕನೆಯದು ಗತಿ. ಅದ್ಭುತ ಕಾದಂಬರಿಯಲ್ಲಿ ನಾಡಿನ ವರ್ಣನೆ, ವಂಶಾವಳಿ, ಪೂರ್ವಕಥೆಗಳು ದೀರ್ಘವಾಗಿರುತ್ತವೆ. ಕಣ್ಣಿಗೆ ಅವಸರವಿದೆ, ಕಿವಿಗೆ ವಾಚಕನು ಕೊಟ್ಟಷ್ಟೇ ವೇಗ. ಎಲ್ಲಿ ನಿಲ್ಲಬೇಕು, ಎಲ್ಲಿ ತಗ್ಗಬೇಕು ಎಂದು ಬಲ್ಲವನು ವರ್ಣನೆಯ ಭಾರವನ್ನು ಕಥೆಯ ಉಸಿರಾಗಿ ಮಾರ್ಪಡಿಸುತ್ತಾನೆ.

4

ಈ ನಾಲ್ಕೂ ಕೆಲಸಗಳು ಕನ್ನಡದ ಕೇಳುಗರಿಗೆ ಅಪರಿಚಿತವಲ್ಲ. ಕುಮಾರವ್ಯಾಸನ ಭಾರತ, ಲಕ್ಷ್ಮೀಶನ ಜೈಮಿನಿ ಭಾರತಗಳು ಶತಮಾನಗಳ ಕಾಲ ಜನರನ್ನು ತಲುಪಿದ್ದು ಮುಖ್ಯವಾಗಿ ವಾಚನದ ಮೂಲಕ. ಹಾರುವ ಅಸ್ತ್ರಗಳು, ಶಾಪ, ಮಾಯೆ, ಸ್ತ್ರೀರಾಜ್ಯ ಮೊದಲಾದ ಅದ್ಭುತ ಸಂಗತಿಗಳು ತುಂಬಿದ ಈ ಕಾವ್ಯಗಳನ್ನು ಅಕ್ಷರ ಬಾರದವರೂ ಬಲ್ಲವರಾದದ್ದು ಗಮಕಿಗಳಿಂದ.

ಗಮಕಿಯ ಸ್ಥಾನವನ್ನು ಇಲ್ಲಿ ಖಚಿತಪಡಿಸಿಕೊಳ್ಳುವುದು ಅಗತ್ಯ. ಜನಪದ ಮಹಾಕಾವ್ಯದ ಹಾಡುಗಾರನು ಪಠ್ಯವನ್ನು ಹಾಡುತ್ತಲೇ ಕಟ್ಟುತ್ತಾನೆ. ಹಿಗ್ಗಿಸುವ, ಕುಗ್ಗಿಸುವ ಸ್ವಾತಂತ್ರ್ಯ ಅವನಿಗಿದೆ. ಗಮಕಿಗೆ ಅದಿಲ್ಲ. ಕವಿಯ ಒಂದಕ್ಷರವನ್ನೂ ಅವನು ಬದಲಿಸುವಂತಿಲ್ಲ. ಆದರೆ ಷಟ್ಪದಿಯ ಸಾಲಿನ ಕೊನೆಯಲ್ಲಿ ಮುರಿದುಬಿದ್ದ ಪದವನ್ನು ಮುಂದಿನ ಸಾಲಿನೊಡನೆ ಕೂಡಿಸುವುದು, ಸಂಧಿಯನ್ನು ಅರ್ಥಕ್ಕೆ ತಕ್ಕಂತೆ ಬಿಡಿಸುವುದು, ವೀರಕ್ಕೊಂದು ಕರುಣಕ್ಕೊಂದು ರಾಗವನ್ನು ಆರಿಸುವುದು, ಮನಸ್ಸಿಗೆ ನಾಟಬೇಕಾದ ಸಾಲನ್ನು ಮತ್ತೆ ಹೇಳುವುದು ಅವನ ಅಧಿಕಾರ. ರಾಗವು ಸಾಹಿತ್ಯವನ್ನು ನುಂಗಬಾರದು ಎಂಬುದು ಗಮಕದ ಮೂಲ ನಿಯಮ. ಅಂಧ ಓದುಗರು 1930ರ ದಶಕದಲ್ಲಿ ವಾಚಕರಿಂದ ಬಯಸಿದ್ದೂ ಇಂಥ ಸಂಯಮವನ್ನೇ.

ಆದ್ದರಿಂದ ಧ್ವನಿಪುಸ್ತಕದ ವಾಚಕನ ಹತ್ತಿರದ ಬಂಧು ಜನಪದ ಹಾಡುಗಾರನಲ್ಲ, ಗಮಕಿ. ಒಂದು ವ್ಯತ್ಯಾಸವನ್ನು ಮಾತ್ರ ಮರೆಯಬಾರದು. ಗಮಕಿಯ ಪಕ್ಕದಲ್ಲಿ ವ್ಯಾಖ್ಯಾನಕಾರನು ಕುಳಿತಿರುತ್ತಾನೆ. ಕಠಿಣವಾದುದನ್ನು ಬಿಡಿಸಿ ಹೇಳುವ ಹೊಣೆ ಅವನದು. ಧ್ವನಿಪುಸ್ತಕದ ವಾಚಕನಿಗೆ ಅಂಥ ಸಂಗಡಿಗನಿಲ್ಲ. ವಾಚನ, ವ್ಯಾಖ್ಯಾನಗಳೆರಡನ್ನೂ ಅವನು ದನಿಯ ಏರಿಳಿತದಲ್ಲಿಯೇ ನಡೆಸಬೇಕು. ವ್ಯಂಗ್ಯವನ್ನು ವ್ಯಂಗ್ಯವೆಂದು, ಸುಳ್ಳನ್ನು ಸುಳ್ಳೆಂದು ಕೇಳುಗನಿಗೆ ಬೇರೆ ಮಾತಿಲ್ಲದೆ ತಿಳಿಸಬೇಕು.

5

ಕಂಠದಿಂದ ನಷ್ಟವೂ ಉಂಟು. ಜಾರ್ಜ್ ಆರ್.ಆರ್. ಮಾರ್ಟಿನ್ ಅವರ ‘ಎ ಗೇಮ್ ಆಫ್ ಥ್ರೋನ್ಸ್’ ಕಾದಂಬರಿಯನ್ನು ವಾಚಿಸಿದ ರಾಯ್ ಡೋಟ್ರೀಸ್ 224 ಪಾತ್ರಗಳಿಗೆ ದನಿ ನೀಡಿ ಜಿಮ್ ಡೇಲ್ ಅವರ ದಾಖಲೆಯನ್ನು ಮೀರಿದರು. ಆದರೆ ವರ್ಷಗಳ ಅಂತರದ ನಂತರ ಅವರು ಓದಿದ ಮುಂದಿನ ಸಂಪುಟಗಳಲ್ಲಿ ಕೆಲವು ಪಾತ್ರಗಳ ದನಿಯೂ ಹೆಸರುಗಳ ಉಚ್ಚಾರವೂ ಬದಲಾಗಿದ್ದುದನ್ನು ಕೇಳುಗರು ಗುರುತಿಸಿ ಆಕ್ಷೇಪಿಸಿದರು. ಈ ಆಕ್ಷೇಪವೇ ಒಂದು ಸಾಕ್ಷ್ಯ. ಅಚ್ಚಿನಲ್ಲಿ ಹೆಸರು ಒಂದಕ್ಷರವೂ ಬದಲಾಗದಿದ್ದರೂ ಕೇಳುಗರಿಗೆ ಪಾತ್ರವೇ ಬದಲಾದಂತಾಯಿತು. ಅಂದರೆ ಅವರ ಪಾಲಿಗೆ ಪಾತ್ರವು ಅಕ್ಷರದಲ್ಲಿರಲಿಲ್ಲ, ದನಿಯಲ್ಲಿತ್ತು. ಒಂದು ದನಿ ನೆಲೆಯೂರಿದ ಮೇಲೆ ಓದುಗನ ಸ್ವಂತ ಕಲ್ಪನೆಗೆ ಎಡೆ ಕಡಿಮೆಯಾಗುವುದೂ ನಿಜ. ಒಂದೇ ಕೃತಿಗೆ ಹಲವು ವಾಚನಗಳಿರುವುದೇ ಇದಕ್ಕಿರುವ ಪರಿಹಾರ. ಒಂದೇ ಸಂಧಿಯನ್ನು ಹಲವು ಗಮಕಿಗಳಿಂದ ಕೇಳುತ್ತಿದ್ದ ನಮ್ಮ ಹಿರಿಯರಿಗೆ ಈ ಪರಿಹಾರ ಸಹಜವಾಗಿಯೇ ಒದಗಿತ್ತು.

6

ಇನ್ನು ಹೆಸರಿನ ಪ್ರಶ್ನೆ. ಹಳೆಯ ಜನಪದ ಗೀತೆಗಳ ಸಂಕಲನಗಳಲ್ಲಿ ಸಂಗ್ರಾಹಕರ ಹೆಸರು ಮುಖಪುಟದಲ್ಲಿರುತ್ತದೆ. ಹಾಡಿದವರ ಹೆಸರು ಎಷ್ಟೋ ಕಡೆ ಒಳಗೂ ಇರುವುದಿಲ್ಲ. ಇದಕ್ಕೆ ಭಿನ್ನವಾದ ಮಾದರಿಯೂ ನಮ್ಮ ನಾಡಿನಿಂದಲೇ ಬಂದಿದೆ. ಫಿನ್ಲೆಂಡಿನ ಲೌರಿ ಹಾಂಕೊ ಅವರು ಬಿ.ಎ. ವಿವೇಕ ರೈ, ಕೆ. ಚಿನ್ನಪ್ಪ ಗೌಡ ಮೊದಲಾದವರೊಡನೆ ದಾಖಲಿಸಿ 1998ರಲ್ಲಿ ಪ್ರಕಟಿಸಿದ ತುಳುವಿನ ಸಿರಿ ಮಹಾಕಾವ್ಯವು 15,683 ಸಾಲುಗಳಷ್ಟಿದೆ. ಅದನ್ನು ಹಾಡಿದ ಗೋಪಾಲ ನಾಯ್ಕರ ಹೆಸರು ಗ್ರಂಥದ ಶೀರ್ಷಿಕೆಯ ಭಾಗವೇ ಆಗಿದೆ. ಸಿರಿಯ ಕಥೆ ಸಮುದಾಯದ್ದಾದರೂ ಆ ಪಾಠ ಅವರದು ಎಂಬ ವಿವೇಕ ಇದರಲ್ಲಿದೆ.

ಈ ವಿವೇಕ ನನಗೆ ತಡವಾಗಿ ಬಂದಿತೆಂದು ಒಪ್ಪಿಕೊಳ್ಳಬೇಕಾಗಿದೆ. ಪಿಎಚ್.ಡಿ. ಅಧ್ಯಯನದ ಕ್ಷೇತ್ರಕಾರ್ಯದಲ್ಲಿ ನಾನು ತುಂಬಿಸಿ ತಂದ ಕ್ಯಾಸೆಟ್ಟುಗಳ ಮೇಲೆ ಹಾಡಿನ ಮೊದಲ ಸಾಲು, ಊರು, ದಿನಾಂಕಗಳಿವೆ. ಕೆಲವದರ ಮೇಲೆ ಹಾಡಿದ ಹೆಂಗಸರ ಹೆಸರಿಲ್ಲ. ವರ್ಷಗಳ ನಂತರ ಅವನ್ನು ಮತ್ತೆ ಕೇಳಿದಾಗ ದನಿ ಗುರುತು ಸಿಕ್ಕಿತು, ಹೆಸರು ಸಿಗಲಿಲ್ಲ. ಆ ಊರಿಗೆ ಹೋಗಿ ವಿಚಾರಿಸುವ ಹೊತ್ತಿಗೆ ಹೇಳಬಲ್ಲವರು ಉಳಿದಿರಲಿಲ್ಲ.

ಕನ್ನಡದಲ್ಲಿಯೂ ಈಗ ಧ್ವನಿಪುಸ್ತಕಗಳು ಬರುತ್ತಿವೆ. ಜೊತೆಗೆ ಯಾರ ಗಂಟಲಿನಿಂದಲೂ ಹೊರಡದ, ಯಂತ್ರವೇ ರಚಿಸಿದ ದನಿಗಳೂ ಬಂದಿವೆ. ಓದಲಾಗದವರಿಗೆ ಅವುಗಳಿಂದ ಆಗುವ ಪ್ರಯೋಜನವನ್ನು ಅಲ್ಲಗಳೆಯಲಾಗದು. ಆದರೆ ಯಾವುದು ಮನುಷ್ಯನ ವಾಚನ, ಯಾವುದು ಯಂತ್ರದ್ದು ಎಂಬುದು ಮುಂದಿನ ಸಂಶೋಧಕನಿಗೆ ತಿಳಿಯುವಂತಿರಬೇಕು. ಆದ್ದರಿಂದ ನಮ್ಮ ಗ್ರಂಥಾಲಯಗಳು ಧ್ವನಿಪುಸ್ತಕದ ಸೂಚಿಯಲ್ಲಿ ಲೇಖಕರ ಹೆಸರಿನೊಡನೆ ವಾಚಕ ಅಥವಾ ವಾಚಕಿಯ ಹೆಸರು, ವಾಚನದ ವರ್ಷ ಮತ್ತು ಸ್ಥಳ, ಪಠ್ಯ ಪೂರ್ಣವೋ ಸಂಕ್ಷಿಪ್ತವೋ ಎಂಬ ವಿವರಗಳನ್ನು ತಪ್ಪದೆ ದಾಖಲಿಸುವುದು ಉಚಿತ. ಗಮಕ ವಾಚನದ ಹಳೆಯ ಧ್ವನಿಸುರುಳಿಗಳಿಗೂ ಇದೇ ಕ್ರಮ ಅನ್ವಯವಾಗಬೇಕು. ಇದಕ್ಕೆ ಹೆಚ್ಚಿನ ಹಣ ಬೇಕಿಲ್ಲ, ಸೂಚಿಯಲ್ಲಿ ಒಂದು ಕಂಬಸಾಲು ಸಾಕು. ಆ ಕಂಬಸಾಲು ಖಾಲಿ ಉಳಿದರೆ ಏನಾಗುತ್ತದೆ ಎಂಬುದಕ್ಕೆ ನನ್ನ ಕಪಾಟಿನಲ್ಲಿರುವ ಹೆಸರಿಲ್ಲದ ಕ್ಯಾಸೆಟ್ಟುಗಳೇ ಸಾಕ್ಷಿ.