ಸ್ಪೋರ್ಟ್ಸ್ ಬೈಕು: ಬರಲಿರುವ ಮಾದರಿಗಳ ರೂಪವನ್ನು ಕುರಿತ ಊಹಾಪೋಹ

ಕಾರ್ಖಾನೆಯ ಬಾಗಿಲನ್ನು ಇನ್ನೂ ದಾಟದ ಸ್ಪೋರ್ಟ್ಸ್ ಬೈಕೊಂದು ಹೊರಬಂದಾಗ ಹೇಗೆ ಕಂಡೀತು, ಅದರ ಹೆಡ್‌ಲೈಟುಗಳು ಒಂದರ ಪಕ್ಕದಲ್ಲೊಂದು ನಿಂತಾವೋ ಒಂದರ ಮೇಲೊಂದು ಕುಳಿತಾವೋ, ಸೈಲೆನ್ಸರು ಸೀಟಿನಡಿಯಲ್ಲಿ ಅಡಗೀತೋ ಎಂಜಿನ್ನಿನ ಹೊಟ್ಟೆಯಡಿಗೆ ಇಳಿದೀತೋ, ಹಿಂದಿನ ಚಕ್ರವನ್ನು ಹಿಡಿಯುವ ತೋಳು ಒಂಟಿಯೋ ಜೋಡಿಯೋ ಎಂದು, ಆ ವಾಹನವನ್ನು ಕೊಳ್ಳಬಲ್ಲವರೂ ಎಂದೆಂದಿಗೂ ಕೊಳ್ಳಲಾರದವರೂ ಸರಿಸಮಾನವಾದ ಶ್ರದ್ಧೆಯಿಂದ ನಡೆಸುವ ಚರ್ಚೆಗೆ ಈ ಹೆಸರು ಸಲ್ಲುತ್ತದೆ. ಕಾರುಗಳ ವಿಷಯದಲ್ಲಿಯೂ ಇಂಥ ಕುತೂಹಲವುಂಟು. ಆದರೆ ಕಾರಿನ ಯಂತ್ರಾಂಗಗಳು ತಗಡಿನ ಹೊದಿಕೆಯೊಳಗೆ ಮರೆಯಾಗಿರುವುದರಿಂದ ಅಲ್ಲಿ ಊಹೆಯು ಮೇಲ್ಮೈಯಲ್ಲಿಯೇ ನಿಂತುಬಿಡುತ್ತದೆ. ಮೋಟಾರ್ ಸೈಕಲಿನಲ್ಲಾದರೋ ಎಲುಬು, ಕರುಳು, ಚರ್ಮಗಳು ಏಕಕಾಲಕ್ಕೆ ಕಾಣುವುವಾಗಿ, ರೂಪವನ್ನು ಊಹಿಸುವುದೆಂದರೆ ರಚನೆಯನ್ನೂ ಊಹಿಸುವುದೇ ಆಗುತ್ತದೆ.

ಊಹಾಪೋಹವೆಂಬ ಪದವು ಇಂದಿನ ಬಳಕೆಯಲ್ಲಿ ಗಾಳಿಮಾತಿಗೆ ಪರ್ಯಾಯವಾಗಿ ಸವೆದುಹೋಗಿದ್ದರೂ, ಮೂಲದಲ್ಲಿ ಅದು ಊಹ, ಅಪೋಹಗಳೆಂಬ ಎರಡು ಬುದ್ಧಿಗುಣಗಳ ಸಮಾಸ: ಇರಬಹುದಾದುದನ್ನು ಕಲ್ಪಿಸುವುದು ಊಹ, ಇರಲಾರದುದನ್ನು ಪರೀಕ್ಷಿಸಿ ತಳ್ಳಿಹಾಕುವುದು ಅಪೋಹ. ಶುಶ್ರೂಷೆ, ಶ್ರವಣ, ಗ್ರಹಣ, ಧಾರಣಗಳ ಸಾಲಿನಲ್ಲಿ ನೀತಿಶಾಸ್ತ್ರಕಾರರು ಇವೆರಡನ್ನೂ ಎಣಿಸಿದ್ದಾರೆ. ಬೈಕಿನ ಉತ್ಸಾಹಿಗಳಲ್ಲಿ ಮೊದಲನೆಯ ಗುಣವು ಹೇರಳ, ಎರಡನೆಯದು ವಿರಳ. ಆದಾಗ್ಯೂ ಅವರ ಊಹೆಗೆ ಆಧಾರವೇ ಇಲ್ಲವೆಂದು ಹೇಳುವುದು ಅನ್ಯಾಯವಾದೀತು.

ಮಾರಾಟಕ್ಕೆ ಮುನ್ನ ಪ್ರತಿಯೊಂದು ಹೊಸ ಬೈಕೂ ಸಾರ್ವಜನಿಕ ರಸ್ತೆಗಳಲ್ಲಿ ದೀರ್ಘಕಾಲ ಓಡಿ ಪರೀಕ್ಷಿತವಾಗಬೇಕಾದುದರಿಂದ, ಕಪ್ಪುಬಿಳುಪಿನ ಸುರುಳಿಗಳ ಅಂಟುಹಾಳೆಯನ್ನು ಹೊದ್ದ ಅಂಥ ವಾಹನಗಳನ್ನು ದಾರಿಯಂಚಿನಲ್ಲಿ ಕಾದಿದ್ದು ಕ್ಯಾಮೆರಾದಲ್ಲಿ ಹಿಡಿಯುವ ಒಂದು ವೃತ್ತಿಯೇ ಬೆಳೆದಿದೆ. ಆ ಚಿತ್ತಾರದ ಉದ್ದೇಶ ವಾಹನವನ್ನು ಮರೆಮಾಡುವುದಲ್ಲ, ಹಾಗೆ ನೋಡಿದರೆ ಅದು ಬರಿಯ ಬೈಕಿಗಿಂತ ಹೆಚ್ಚಾಗಿಯೇ ಕಣ್ಸೆಳೆಯುತ್ತದೆ. ಅಂಚು ಮಡಿಕೆಗಳ ಮೇಲೆ ಬೀಳುವ ನೆಳಲುಬೆಳಕನ್ನು ಕಲಕಿ, ರೇಖೆಗಳ ಓಟವು ದೃಷ್ಟಿಗೆ ಸಿಕ್ಕದಂತೆ ಮಾಡುವುದಷ್ಟೇ ಅದರ ಕೆಲಸ. ಹೀಗೆ ದೊರೆತ ಮಸುಕು ಚಿತ್ರವನ್ನು ಮುಂದಿಟ್ಟುಕೊಂಡು ಚಿತ್ರಕಾರರು ಭಾವಿ ವಾಹನದ ಪೂರ್ಣರೂಪವನ್ನು ಬರೆಯುತ್ತಾರೆ. 1955ರಲ್ಲಿ ಆರಂಭವಾದ ಬ್ರಿಟನ್ನಿನ ಮೋಟಾರ್ ಸೈಕಲ್ ನ್ಯೂಸ್ ವಾರಪತ್ರಿಕೆಯೂ ಜಪಾನಿನ ಯಂಗ್ ಮೆಷೀನ್ ಮಾಸಪತ್ರಿಕೆಯೂ ಇಂಥ ಚಿತ್ರಗಳಿಗೆ ಹೆಸರಾದುವು.

ಚಿತ್ರಗಳಿಗಿಂತ ಗಟ್ಟಿಯಾದ ಸಾಕ್ಷ್ಯವು ಸರ್ಕಾರಿ ಕಾಗದಪತ್ರಗಳಲ್ಲಿದೆ. ಪೇಟೆಂಟಿನ ಅರ್ಜಿಯು ಸಲ್ಲಿಕೆಯಾದ 18 ತಿಂಗಳಿಗೆ ಸಾಮಾನ್ಯವಾಗಿ ಪ್ರಕಟವಾಗುವುದರಿಂದ, ಕಂಪನಿಯು ಬಚ್ಚಿಡಬಯಸುವ ಯಂತ್ರವಿಧಾನವು ಅದರದೇ ರೇಖಾಚಿತ್ರಗಳ ಮೂಲಕ ಬಯಲಿಗೆ ಬೀಳುತ್ತದೆ. ಬಾಹ್ಯರೂಪದ ನೋಂದಣಿಯನ್ನಾದರೋ ಐರೋಪ್ಯ ಒಕ್ಕೂಟದಲ್ಲಿ 30 ತಿಂಗಳವರೆಗೆ ಪ್ರಕಟಿಸದೆ ತಡೆಹಿಡಿಯಲು ಅವಕಾಶವಿದೆ. ಕ್ಯಾಲಿಫೋರ್ನಿಯದ ವಾಯುಮಾಲಿನ್ಯ ನಿಯಂತ್ರಣ ಮಂಡಳಿಯು ತಾನು ಅನುಮೋದಿಸಿದ ವಾಹನಗಳ ಹೆಸರನ್ನೂ ಎಂಜಿನ್ನಿನ ಗಾತ್ರವನ್ನೂ ಪ್ರಕಟಿಸುವುದರಿಂದ, ಹೊಗೆಯ ಲೆಕ್ಕವಿಡುವ ಆ ಶುಷ್ಕ ಕಡತಗಳನ್ನು ಪುರಾಣಪಠನದ ಭಕ್ತಿಯಿಂದ ಓದುವವರು ಇದ್ದಾರೆ. ಆದರೆ ಪೇಟೆಂಟು ಪಡೆದುದೆಲ್ಲ ತಯಾರಾಗುವುದಿಲ್ಲ. ಪ್ರತಿಸ್ಪರ್ಧಿಯ ದಾರಿಗೆ ಬೇಲಿ ಕಟ್ಟುವುದಕ್ಕಾಗಿಯೇ ಪಡೆದವೂ ಉಂಟು. ಅಪೋಹವು ಬೇಕಾಗುವುದು ಇಲ್ಲಿಯೇ.

ಈ ಪ್ರವೃತ್ತಿಯ ಸ್ವಭಾವವು ಅತ್ಯಂತ ನಿಚ್ಚಳವಾಗಿ ಕಾಣುವುದು ಇಟಲಿಯ ಬೊಲೊನ್ಯಾ ನಗರದ ಡುಕಾಟಿ ಕಂಪನಿಯ ಇತಿಹಾಸದಲ್ಲಿ. 1926ರಲ್ಲಿ ರೇಡಿಯೋ ಬಿಡಿಭಾಗಗಳ ತಯಾರಿಕೆಗಾಗಿ ಸ್ಥಾಪಿತವಾಗಿ, ಎರಡನೆಯ ಮಹಾಯುದ್ಧದ ತರುವಾಯ ದ್ವಿಚಕ್ರಿಗಳತ್ತ ಹೊರಳಿದ ಈ ಸಂಸ್ಥೆಯು 1985ರಲ್ಲಿ ಕಾಸ್ಟಿಲ್ಯೋನಿ ಸಹೋದರರ ಕಜೀವಾ ಕಂಪನಿಯ ವಶವಾಯಿತು. ಅವರ ಆಶ್ರಯದಲ್ಲಿ, ಸಾನ್ ಮರೀನೋದ ಸಂಶೋಧನ ಕೇಂದ್ರದಲ್ಲಿ ದುಡಿಯುತ್ತಿದ್ದ ಮಾಸ್ಸಿಮೊ ತಂಬುರೀನಿ ರೂಪಿಸಿದ 916 ಎಂಬ ಮಾದರಿಯು 1993ರ ಮಿಲಾನ್ ಪ್ರದರ್ಶನದಲ್ಲಿ ಅನಾವರಣಗೊಂಡಿತು. ಪಕ್ಕಪಕ್ಕದಲ್ಲಿ ಕಿರಿದಾಗಿ ತೆರೆದ ಎರಡು ಹೆಡ್‌ಲೈಟುಗಳು, ಸೀಟಿನಡಿಯಿಂದ ಹಿಂದಕ್ಕೆ ಚಾಚಿದ ಜೋಡಿ ಸೈಲೆನ್ಸರುಗಳು, ಕೆಂಪು ಫೇರಿಂಗ್, ಹಿಂಚಕ್ರವನ್ನು ಒಂದೇ ಬದಿಯಿಂದ ಹಿಡಿದ ಸ್ವಿಂಗ್ ಆರ್ಮ್: ಈ ಲಕ್ಷಣಗಳಲ್ಲಿ ಕೆಲವು ಹೋಂಡಾ ಕಂಪನಿಯ 1992ರ ಎನ್‌ಆರ್ 750ರಲ್ಲಿ ಮೊದಲೇ ಇದ್ದವೆಂಬುದು ದಿಟವಾದರೂ, ಅವೆಲ್ಲವೂ ಒಂದೇ ಉಸಿರಿನಲ್ಲಿ ಮೂಡಿದಂತೆ ಕೂಡಿಬಂದುದು ತಂಬುರೀನಿಯ ಕೈಯಲ್ಲಿ. ಒಂಟಿ ತೋಳಿನ ಉಪಯೋಗವು ವಸ್ತುತಃ ಪರಿಮಿತವಾದುದು. ದೀರ್ಘಾವಧಿಯ ಪಂದ್ಯಗಳಲ್ಲಿ ಚಕ್ರವನ್ನು ಬೇಗ ಬದಲಾಯಿಸಲು ಅದು ಅನುಕೂಲ, ಅಷ್ಟೆ. ಆದರೆ ಮೋಹವು ಉಪಯೋಗವನ್ನು ನೋಡಿ ಹುಟ್ಟುವುದಿಲ್ಲವಷ್ಟೆ. ಇಂಗ್ಲೆಂಡಿನ ಕಾರ್ಲ್ ಫೋಗಾರ್ಟಿ 1994, 1995, 1998, 1999ರಲ್ಲಿ ಈ ವಂಶದ ಬೈಕುಗಳ ಮೇಲೆ ವಿಶ್ವ ಸೂಪರ್‌ಬೈಕ್ ಪ್ರಶಸ್ತಿಯನ್ನು ಗೆದ್ದುದರಿಂದ ಆ ರೂಪಕ್ಕೆ ವಿಜಯದ ಮುದ್ರೆಯೂ ಬಿದ್ದಿತು. 996, 998 ಎಂದು ಎಂಜಿನ್ನಿನ ಅಂಕಗಳು ಏರಿದರೂ ಮೈಕಟ್ಟು ಬಹುಮಟ್ಟಿಗೆ ಹಾಗೆಯೇ ಉಳಿದು, ಹತ್ತಿರ ಹತ್ತಿರ ಒಂದು ದಶಕದ ಕಾಲ ಡುಕಾಟಿಯೆಂದರೆ ಈ ಆಕೃತಿಯೇ ಎಂಬ ಭಾವನೆಯು ಬೇರೂರಿತು.

2002ರಲ್ಲಿ ಇದರ ಉತ್ತರಾಧಿಕಾರಿಯಾಗಿ ಬಂದ 999ರ ವಿನ್ಯಾಸಕ ದಕ್ಷಿಣ ಆಫ್ರಿಕದ ಪಿಯರ್ ಟೆರ್‌ಬ್ಲಾಂಶ್. ಡುಕಾಟಿಯ ಸೂಪರ್‌ಮೋನೊ ಎಂಬ ಏಕ ಸಿಲಿಂಡರಿನ ಪಂದ್ಯದ ಬೈಕಿಗೂ, 2000ದ ಇಸವಿಯಲ್ಲಿ ಮಾರಾಟಕ್ಕೆ ಬಂದ ಎಂಎಚ್ 900ಇ ಮಾದರಿಗೂ ರೂಪಕೊಟ್ಟಿದ್ದ ಈತನ ಪ್ರತಿಭೆಯನ್ನು ಯಾರೂ ಅಲ್ಲಗಳೆಯುವಂತಿರಲಿಲ್ಲ. ಆದರೂ 916ರ ಛಾಯೆಯನ್ನೇ ನಿರೀಕ್ಷಿಸುತ್ತಿದ್ದ ಅಭಿಮಾನಿಗಳ ಮುಂದೆ, ಒಂದರ ಮೇಲೊಂದು ಕುಳಿತ ದೀಪಗಳನ್ನೂ, ಸೀಟಿನಡಿಯಲ್ಲಿ ಒಂದೇ ಪೆಟ್ಟಿಗೆಯಾಗಿ ಕೂಡಿಸಿದ ಸೈಲೆನ್ಸರನ್ನೂ, ಎಲ್ಲಕ್ಕಿಂತ ಮಿಗಿಲಾಗಿ ಎರಡು ಬದಿಯ ಸಾಮಾನ್ಯ ತೋಳನ್ನೂ ತಂದು ನಿಲ್ಲಿಸಿದಾಗ, ಅವರು ಅದನ್ನು ಹೊಸ ಬೈಕೆಂದು ಕಾಣದೆ ಹಳೆಯ ಬೈಕಿಗೆ ಬಗೆದ ದ್ರೋಹವೆಂದೇ ಕಂಡರು. ಈ ತೀರ್ಪು ಕಠಿನವಾಯಿತೆಂದೇ ಹೇಳಬೇಕು. 2003ರಲ್ಲಿ ನೀಲ್ ಹಾಡ್ಜ್‌ಸನ್, 2004ರಲ್ಲಿ ಜೇಮ್ಸ್ ಟೋಸ್‌ಲ್ಯಾಂಡ್, 2006ರಲ್ಲಿ ಟ್ರಾಯ್ ಬೇಲಿಸ್ ಅದೇ ಬೈಕಿನ ಮೇಲೆ ವಿಶ್ವ ಪ್ರಶಸ್ತಿಯನ್ನು ಗೆದ್ದರೂ, ಮಾರಾಟವು ಕಂಪನಿಯ ನಿರೀಕ್ಷೆಯನ್ನು ಮುಟ್ಟಲಿಲ್ಲ.

999ರ ಮುಂದಿನ ಮಾದರಿ ಹೇಗಿದ್ದೀತೆಂಬ ಪ್ರಶ್ನೆಯು ಹೀಗೆ ಊಹೆಯ ವೇಷದಲ್ಲಿ ಬಂದ ಬೇಡಿಕೆಯಾಗಿತ್ತು. ಪಕ್ಕಪಕ್ಕದ ದೀಪ, ಸೀಟಿನಡಿಯ ಎರಡು ಸೈಲೆನ್ಸರು, ಒಂಟಿ ತೋಳು ಎಂಬ ಮೂರನ್ನು ಬರಲಿರುವುದರ ವರ್ಣನೆಯೆಂದು ಹೇಳುತ್ತಿದ್ದವರು ವಾಸ್ತವವಾಗಿ ಕಳೆದುಹೋದುದನ್ನು ಸ್ಮರಿಸುತ್ತಿದ್ದರು. 2006ರ ನವೆಂಬರಿನಲ್ಲಿ ಮಿಲಾನಿನಲ್ಲಿ ತೆರೆ ಸರಿದಾಗ ಜಾನ್‌ಆಂದ್ರೆಯಾ ಫಾಬ್ರೊ ರಚಿಸಿದ 1098 ಆ ಮೂರನ್ನೂ ಹೊತ್ತು ನಿಂತಿತ್ತು. ಉತ್ಸಾಹಿಗಳು ಭವಿಷ್ಯವನ್ನು ಕಂಡರೇ ಅಥವಾ ಕಂಪನಿಯು ಉತ್ಸಾಹಿಗಳ ಮಾತಿಗೆ ಕಿವಿಗೊಟ್ಟಿತೇ ಎಂದು ಬೇರ್ಪಡಿಸಿ ಹೇಳುವುದು ಕಷ್ಟ. ಎರಡನೆಯದೇ ಹೆಚ್ಚು ಸಂಭವವೆಂದು ಈ ಲೇಖಕನ ಮತ. ರೂಪದಲ್ಲಿ ಮಾತು ಮುಗಿದಂತಾದರೂ ಎಂಜಿನ್ನಿನ 1099 ಸಿಸಿ ಗಾತ್ರವು ಇನ್ನೊಂದು ಒಗಟನ್ನೊಡ್ಡಿತು. ವಿಶ್ವ ಸೂಪರ್‌ಬೈಕ್ ಪಂದ್ಯಗಳಲ್ಲಿ ಎರಡು ಸಿಲಿಂಡರಿನ ವಾಹನಗಳಿಗೆ ಆಗ 1000 ಸಿಸಿಯ ಮಿತಿಯಿದ್ದುದರಿಂದ, ಪಂದ್ಯಕ್ಕೆ ಸಲ್ಲದ ಬೈಕನ್ನು ಡುಕಾಟಿಯಂಥ ಕಂಪನಿಯು ಮಾಡುವುದುಂಟೇ, ನಿಯಮವೇ ಬದಲಾಗಲಿರಬೇಕು ಎಂದು ತರ್ಕಿಸಿದವರ ಮಾತು ನಿಜವಾಗಿ, 2008ರಿಂದ ಮಿತಿಯನ್ನು 1200 ಸಿಸಿಗೆ ಏರಿಸಲಾಯಿತು. ಆ ವರ್ಷದ ಪ್ರಶಸ್ತಿಯನ್ನು ಬೇಲಿಸ್ 1098ರ ಮೇಲೆಯೇ ಗೆದ್ದನು. ದೀಪಗಳ ಊಹೆಯು ಹಂಬಲದ ಫಲ. ಇದು ಮಾತ್ರ ಕಾರ್ಯದಿಂದ ಕಾರಣವನ್ನು ಸಾಧಿಸಿದ ಶುದ್ಧವಾದ ಅನುಮಾನ.

ಅದೇ ಬಗೆಯ ಅನುಮಾನವು 1199 ಪಾನಿಗಾಲೆಯ ವಿಷಯದಲ್ಲಿಯೂ ಫಲಿಸಿತು. ಉಕ್ಕಿನ ಕೊಳವೆಗಳನ್ನು ಜಾಲರಿಯಂತೆ ಬೆಸೆದ ಫ್ರೇಮು ದಶಕಗಳಿಂದ ಡುಕಾಟಿಯ ಗುರುತಾಗಿತ್ತು. ಆದರೆ 2009ರ ಮೋಟೋಜಿಪಿ ಪಂದ್ಯಗಳಿಗೆ ಕಂಪನಿಯು ಆ ಜಾಲರಿಯನ್ನು ತೊರೆದು, ಎಂಜಿನ್ನನ್ನೇ ಬೆನ್ನೆಲುಬಾಗಿಸಿಕೊಂಡು ಅದರ ಮೇಲೆ ಕಾರ್ಬನ್ ಫೈಬರಿನ ಗಾಳಿಪೆಟ್ಟಿಗೆಯನ್ನು ಕೂರಿಸಿದ ಬೈಕನ್ನಿಳಿಸಿದಾಗ, ರಸ್ತೆಯ ಬೈಕೂ ಇದೇ ಹಾದಿ ಹಿಡಿದೀತೆಂದು ಹಲವರು ಹೇಳತೊಡಗಿದರು. 2011ರಲ್ಲಿ ವ್ಯಾಲೆಂಟಿನೊ ರೋಸ್ಸಿಯಂಥ ಸವಾರನೇ ಆ ಕಟ್ಟಿನೊಡನೆ ಹೆಣಗಾಡಿ, ಪಂದ್ಯದ ತಂಡವು ಅಲ್ಯೂಮಿನಿಯಮ್ ಫ್ರೇಮಿನತ್ತ ವಾಲುತ್ತಿದ್ದ ಹೊತ್ತಿಗೆ, ನವೆಂಬರಿನಲ್ಲಿ ಬಂದ ಪಾನಿಗಾಲೆಯು ಜಾಲರಿಯಿಲ್ಲದೆಯೇ ಬಂದಿತು. 195 ಅಶ್ವಶಕ್ತಿಯ ಆ ಬೈಕಿನಲ್ಲಿ ಸೈಲೆನ್ಸರು ಸೀಟಿನಡಿಯನ್ನು ಬಿಟ್ಟು ಎಂಜಿನ್ನಿನ ಕೆಳಗೆ ಇಳಿದಿತ್ತು. ಭಾರವು ಕೆಳಗೆ, ನಡುವಿಗೆ ಹತ್ತಿರವಾಗಿ ಇದ್ದಷ್ಟೂ ಬೈಕು ತಿರುವಿನಲ್ಲಿ ಚುರುಕಾಗುವುದೆಂಬುದೇ ಇದಕ್ಕೆ ಕಾರಣ. ಒಂಟಿ ತೋಳು ಮಾತ್ರ ಉಳಿಯಿತು. 999ರ ಪಾಠವನ್ನು ಯಾರೂ ಮರೆತಿರಲಿಲ್ಲ.

ನಾಲ್ಕು ಸಿಲಿಂಡರಿನ ವಿಷಯದಲ್ಲಿ ಊಹೆಯು ಸರಿಯಿದ್ದು ಕಾಲವು ತಪ್ಪಿತು. 2006ರಲ್ಲಿ ಮೋಟೋಜಿಪಿ ಬೈಕಿನ ಪ್ರತಿರೂಪವಾಗಿ ಡೆಸ್ಮೊಸೆಡಿಚಿ ಆರ್‌ಆರ್ ಎಂಬ 989 ಸಿಸಿಯ ವಿ4 ಬೈಕನ್ನು ಪ್ರಕಟಿಸಿ, 1500 ಮಾತ್ರ ತಯಾರಿಸಲಾಯಿತು. ಅಂದಿನಿಂದ ಪ್ರತಿ ವರ್ಷವೂ, ಈ ಸಲ ಸಾಮಾನ್ಯ ಮಾದರಿಗೂ ನಾಲ್ಕು ಸಿಲಿಂಡರು ಬಂದೇ ಬಂದೀತೆಂಬ ಮಾತು ಹುಟ್ಟಿ ಹುಟ್ಟಿ ಅಡಗಿತು. ಅದು ಬಂದುದು 2017ರಲ್ಲಿ, 1103 ಸಿಸಿಯ ಪಾನಿಗಾಲೆ ವಿ4 ಆಗಿ. ಹನ್ನೊಂದು ವರ್ಷ ತಡೆದು ಫಲಿಸಿದ ಜ್ಯೋತಿಷ್ಯವನ್ನು ಸರಿಯೆನ್ನಬೇಕೋ ತಪ್ಪೆನ್ನಬೇಕೋ ಓದುಗರೇ ನಿರ್ಣಯಿಸಬಹುದು.

ಒಂಟಿ ತೋಳಿನ ಕಥೆಯು 2024ರ ಜುಲೈಯಲ್ಲಿ ಇನ್ನೊಂದು ತಿರುವು ಪಡೆಯಿತು. ಮಿಸಾನೊ ಪಂದ್ಯಪಥದಲ್ಲಿ ನೆರೆದ ಅಭಿಮಾನಿಗಳ ಸಮ್ಮೇಳನದಲ್ಲಿ ತೋರಿಸಿದ ಹೊಸ ಪಾನಿಗಾಲೆ ವಿ4ರಲ್ಲಿ ತೋಳು ಮತ್ತೆ ಜೋಡಿಯಾಗಿತ್ತು. ಬೈಕು ಪೂರ್ಣವಾಗಿ ವಾಲಿದಾಗ ಸಸ್ಪೆನ್ಷನ್ನು ರಸ್ತೆಯ ಉಬ್ಬುತಗ್ಗುಗಳನ್ನು ನೇರವಾಗಿ ನುಂಗಲಾರದಾಗಿ, ತೋಳೇ ಪಕ್ಕಕ್ಕೆ ತುಸು ಬಾಗಿ ಆ ಕೆಲಸವನ್ನು ವಹಿಸಿಕೊಳ್ಳಬೇಕೆಂಬುದು ಇಂದಿನ ಎಂಜಿನಿಯರರ ನಿಲುವು. ಒಂದೇ ಬದಿಯಿಂದ ಚಕ್ರದ ಭಾರವನ್ನೆಲ್ಲ ಹೊರಬೇಕಾದ ತೋಳಿನಲ್ಲಿ ಈ ಹದವಾದ ಬಾಗುವಿಕೆಯನ್ನು ತರುವುದು ದುಷ್ಕರ. ಇಪ್ಪತ್ತೆರಡು ವರ್ಷಗಳ ಹಿಂದೆ ಕೇಳಿಬಂದ ಆಕ್ಷೇಪವೇ ಈಗಲೂ ಕೇಳಿಬಂದಿತಾದರೂ, ಮುಂಭಾಗದ ದೀಪಗಳ ಗೆರೆಯಲ್ಲಿ 916ರ ನೆನಪು ಸುಳಿಯುವಂತೆ ಕಂಪನಿಯು ಈ ಸಲ ಎಚ್ಚರ ವಹಿಸಿತ್ತು.

ಊಹೆಯನ್ನು ಕಂಪನಿಗಳೇ ಕೆರಳಿಸಿ ಲಾಭ ಪಡೆಯುವುದೂ ಉಂಟು. ಕವಾಸಾಕಿಯು 2014ರಲ್ಲಿ ನಿಂಜಾ ಎಚ್2 ಬರುವ ಮುನ್ನ ವಾರಗಟ್ಟಲೆ ಚಿಕ್ಕ ಚಿಕ್ಕ ಚಲನಚಿತ್ರ ತುಣುಕುಗಳನ್ನು ಹೊರಬಿಟ್ಟು, ಒಂದರಲ್ಲಿ ಬರಿಯ ಸದ್ದನ್ನೂ ಇನ್ನೊಂದರಲ್ಲಿ ಲೋಹದ ಒಂದು ಅಂಚನ್ನೂ ತೋರಿಸಿ, ಸೆಪ್ಟೆಂಬರಿನ ಕೊನೆಯಲ್ಲಿ ಕಲೋನ್ ನಗರದಲ್ಲಿ 998 ಸಿಸಿಯ ಸೂಪರ್‌ಚಾರ್ಜ್ ಮಾಡಿದ ಎಚ್2ಆರ್ ಬೈಕನ್ನು ಇಳಿಸಿತು. ಇದಕ್ಕೆ ವಿರುದ್ಧವಾದ ಪ್ರಸಂಗವೂ ಅದೇ ನಗರದ್ದೇ: 1980ರಲ್ಲಿ ಹಾನ್ಸ್ ಮೂತ್ ಮುಂದಾಳುತನದ ಟಾರ್ಗೆಟ್ ಡಿಸೈನ್ ತಂಡವು ಸುಜುಕಿಗಾಗಿ ರೂಪಿಸಿದ ಬೆಳ್ಳಿಬಣ್ಣದ ಕಟಾನಾವನ್ನು ಕಂಡವರಲ್ಲಿ ಹಲವರು, ಇದು ಪ್ರದರ್ಶನದ ವಿನೋದ, ಮಾರಾಟಕ್ಕೆ ಬರುವುದಲ್ಲ ಎಂದು ತಳ್ಳಿಹಾಕಿದ್ದರು. ಅದು ಹೆಚ್ಚು ಬದಲಾಗದೆಯೇ ಅಂಗಡಿಗೆ ಬಂದಿತು.

ಭಾರತದಲ್ಲಿ ಇಂಥ ಕುತೂಹಲಕ್ಕೆ ಒಳ್ಳೆಯ ಗ್ರಾಸವಾದುದು ಬೆಂಗಳೂರಿನ ಮಗ್ಗುಲಲ್ಲಿರುವ ಹೊಸೂರಿನ ಟಿವಿಎಸ್ ಕಂಪನಿಯ ಬೈಕು. ಮೈಸೂರಿನಲ್ಲಿಯೂ ಕಾರ್ಖಾನೆಯುಳ್ಳ ಈ ಸಂಸ್ಥೆಯು 2013ರಲ್ಲಿ ಜರ್ಮನಿಯ ಬಿಎಂಡಬ್ಲ್ಯು ಕಂಪನಿಯೊಡನೆ ಒಪ್ಪಂದ ಮಾಡಿಕೊಂಡು, 2016ರ ಫೆಬ್ರವರಿಯಲ್ಲಿ ದೆಹಲಿ ಸಮೀಪದ ಗ್ರೇಟರ್ ನೋಯ್ಡಾ ಪ್ರದರ್ಶನದಲ್ಲಿ ಅಕುಲಾ 310 ಎಂಬ ಮಾದರಿಯನ್ನಿಟ್ಟಿತು. ರಷ್ಯನ್ ಭಾಷೆಯಲ್ಲಿ ಆ ಪದಕ್ಕೆ ಶಾರ್ಕ್ ಮೀನೆಂದು ಅರ್ಥ. ಸಂಸ್ಕೃತ ಬಲ್ಲ ಕಿವಿಗೆ ಅದು ಆಕುಲವೆಂದು ಕೇಳಿಸಿದರೆ, ಮುಂದಿನ ಇಪ್ಪತ್ತೆರಡು ತಿಂಗಳ ಕಾಲ ಕಾದವರ ಮನಃಸ್ಥಿತಿಗೆ ಹೆಸರು ಒಪ್ಪುವಂತೆಯೇ ಇತ್ತೆನ್ನಬಹುದು. ಸಿಲಿಂಡರು ಹಿಂದಕ್ಕೆ ವಾಲಿ, ಗಾಳಿ ಮುಂದಿನಿಂದ ಹೊಕ್ಕು ಹೊಗೆ ಹಿಂದಿನಿಂದ ಹೊರಡುವ 312 ಸಿಸಿಯ ಎಂಜಿನ್ನು ಬಿಎಂಡಬ್ಲ್ಯು ಜಿ 310 ಆರ್ ಮೂಲಕ ಮೊದಲೇ ತಿಳಿದಿದ್ದುದರಿಂದ, ಊಹೆಯೆಲ್ಲವೂ ಕಾರ್ಬನ್ ಫೈಬರಿನ ಆ ಮೈಯಲ್ಲಿ ಎಷ್ಟು ಉಳಿದೀತೆಂಬುದರ ಸುತ್ತಲೇ ಸುಳಿಯಿತು. 2017ರ ಡಿಸೆಂಬರ್ 6ರಂದು ಅಪಾಚೆ ಆರ್‌ಆರ್ 310 ಎಂಬ ಹೆಸರಿನಿಂದ 2.05 ಲಕ್ಷ ರೂಪಾಯಿಯ ಬೆಲೆಗೆ ಬಂದ ಬೈಕಿನಲ್ಲಿ ಶಾರ್ಕಿನ ಮೂತಿ ಉಳಿದಿತ್ತು. ಕಾರ್ಬನ್ ಫೈಬರು ಹೋಗಿತ್ತು. ಕನ್ನಡಿ, ನಂಬರ್ ಪ್ಲೇಟು, ಹಿಂಬದಿಯ ಸವಾರನ ಸೀಟು ಸೇರಿದ್ದವು. 1989ರ ಕೇಂದ್ರ ಮೋಟಾರು ವಾಹನ ನಿಯಮಗಳ 123ನೆಯ ನಿಯಮವು, ಹಿಂದೆ ಕುಳಿತವರ ಉಡುಪು ಸಿಕ್ಕಿಕೊಳ್ಳದಂತೆ ಹಿಂಚಕ್ರದ ಅರ್ಧಭಾಗಕ್ಕಾದರೂ ರಕ್ಷಣೆಯಿರಬೇಕೆಂದು ಹಿಂಬದಿಯ ಸವಾರನಿಗೆ ಸ್ಥಳವುಳ್ಳ ಮೋಟಾರ್ ಸೈಕಲ್ಲುಗಳಿಗೆ ವಿಧಿಸುತ್ತದೆ. ನಮ್ಮ ಉತ್ಸಾಹಿಗಳು ಬರಲಿರುವ ಬೈಕುಗಳ ಚಿತ್ರವನ್ನು ಎಷ್ಟೇ ಸೂಕ್ಷ್ಮವಾಗಿ ಬರೆದರೂ, ಸೀರೆಗಾರ್ಡನ್ನು ಬರೆದವರು ಸಿಕ್ಕುವುದು ಅಪೂರ್ವ.