ಕಡಲಿಲ್ಲದ ಊರಿನ ಕಡಲಗಣಿತ

ಬೆಂಗಳೂರಿನ ವೈಟ್‌ಫೀಲ್ಡಿನಲ್ಲಾಗಲಿ ಪೀಣ್ಯದಲ್ಲಾಗಲಿ ಬೋರ್‌ವೆಲ್ ಕೊರೆಯಿಸುವವರು, ಕೆಮ್ಮಣ್ಣು ಮುಗಿದು ಬೂದುಬಣ್ಣದ ಕಲ್ಲುಪುಡಿ ಚಿಮ್ಮತೊಡಗಿದಾಗ, ಎಷ್ಟಡಿಗೆ ನೀರು ಬಿದ್ದೀತೆಂಬ ಚಿಂತೆಯಲ್ಲಿ ಅದನ್ನು ಕಣ್ಣೆತ್ತಿ ನೋಡುವುದೂ ಇಲ್ಲ. ಆ ಪುಡಿಯಾದರೋ ಸುಮಾರು 300 ಕೋಟಿ ವರ್ಷಗಳ ನೈಸ್ ಶಿಲೆಯದು. ಬೆರಳಲ್ಲಿ ಉಜ್ಜಿದರೆ ಅಭ್ರಕ ಮಿನುಗೀತೇ ಹೊರತು ಒಂದು ಚಿಪ್ಪಿನ ಚೂರೂ ಅದರಲ್ಲಿ ದೊರೆಯದು.

ಇಂಥ ನಿರ್ಜೀವ ಶಿಲೆಯ ಮೇಲೆ ನಿಂತ ಊರಿನಲ್ಲಿದ್ದುಕೊಂಡೇ ಕಡಲಜೀವಿಗಳ ಅವಶೇಷದಿಂದ ಕಾಲವನ್ನಳೆಯಲೆಳಸಿದವರು ಸೆಂಟ್ರಲ್ ಕಾಲೇಜಿನ ಭೂವಿಜ್ಞಾನ ಪ್ರಾಧ್ಯಾಪಕ ಎಲ್. ರಾಮರಾಯರು. ಬೆಳಗಾವಿ, ವಿಜಯಪುರ, ಕಲಬುರಗಿಗಳನ್ನು ಮುಚ್ಚಿದ ದಖನ್ ಲಾವಾ ಕ್ರಿಟೇಷಿಯಸ್ ಯುಗದ್ದೋ ಟರ್ಷಿಯರಿಯದ್ದೋ ಎಂಬ ಪ್ರಶ್ನೆಯನ್ನು 1934ರಲ್ಲಿ ಸಸ್ಯಾವಶೇಷ ವಿಜ್ಞಾನಿ ಬೀರಬಲ್ ಸಾಹನಿಯವರು ಬೆಂಗಳೂರಿನದೇ ಆದ ‘ಕರೆಂಟ್ ಸೈನ್ಸ್’ ಪತ್ರಿಕೆಯಲ್ಲಿ ಎತ್ತಿದ್ದರು. ಎರಡು ವರ್ಷಗಳ ತರುವಾಯ ರಾಮರಾಯರು, ಎಸ್. ಆರ್. ನಾರಾಯಣರಾಯರು ಮತ್ತು ಕೆ. ಶ್ರೀಪಾದರಾಯರೊಡಗೂಡಿ, ಗೋದಾವರಿ ತೀರದ ರಾಜಮಹೇಂದ್ರಿಯ ಬಳಿ ಎರಡು ಲಾವಾ ಪದರಗಳ ನಡುವೆ ಸಿಕ್ಕಿಬಿದ್ದ ಸುಣ್ಣಕಲ್ಲನ್ನು ಪರಿಶೀಲಿಸಿ, ಅದರೊಳಗಣ ಪಾಚಿಗಳ ಸಾಕ್ಷ್ಯವನ್ನು ಮುಂದಿಟ್ಟು ಟರ್ಷಿಯರಿಯ ಪಕ್ಷವನ್ನೇ ಹಿಡಿದರು. ಲಾವಾದಲ್ಲಿ ಜೀವಾವಶೇಷ ಉಳಿಯದು. ಸಮುದ್ರವು ಅಲ್ಲಿ ಕ್ಷಣಕಾಲ ಒಳನುಗ್ಗಿ ಹೋದುದರಿಂದಲೇ ಈ ಪಂಚಾಂಗ ನಮಗೆ ದಕ್ಕಿತು.

ಆದರೆ ಅವು ತಳದಲ್ಲಿ ಬೇರೂರಿ ಬೆಳೆಯುವ ಪಾಚಿಗಳು. ತೀರದಿಂದ ತೀರಕ್ಕೆ ಅವುಗಳ ಸಂತತಿಯೇ ಬೇರೆಯಾಗುವುದರಿಂದ ಯುಗವನ್ನು ಹೇಳಿಯಾವು, ಘಳಿಗೆಯನ್ನು ಹೇಳಲಾರವು. ಘಳಿಗೆಗೆ ಬೇಕಾದದ್ದು ನೀರಿನ ಮೇಲ್ಪದರದಲ್ಲಿ ತೇಲುವ, ಫೊರಾಮಿನಿಫೆರಗಳೆಂಬ ಏಕಕೋಶಿಗಳಂಥ ಪ್ಲವಕ: ಪ್ರವಾಹದೊಡನೆ ಸಾಗರದಿಂದ ಸಾಗರಕ್ಕೆ ಹರಡಿ, ಬೇಗ ರೂಪ ಬದಲಿಸಿ, ಬೇಗ ಅಳಿದು, ಸತ್ತ ಮೇಲೆ ಸುಣ್ಣದ ಕವಚವನ್ನು ತಳಕ್ಕೆ ಮಳೆಗರೆಯುವ ಈ ಜೀವಿಗಳಲ್ಲಿ ಒಂದು ಜಾತಿ ಹುಟ್ಟಿದ ಮತ್ತು ಅಳಿದ ಗೆರೆ ಇಟಲಿಯ ಬಂಡೆಯಲ್ಲೂ ಅಟ್ಲಾಂಟಿಕದ ಕೆಸರಿನಲ್ಲೂ ಹೆಚ್ಚುಕಡಮೆ ಒಂದೇ. ಕೆಸರನ್ನು ಸಣ್ಣ ಜಾಲರಿಯಲ್ಲಿ ತೊಳೆದು, ಒದ್ದೆ ಕುಂಚದ ಮೊನೆಯಿಂದ ಒಂದೊಂದನ್ನೇ ಕಪ್ಪು ತಟ್ಟೆಗೆ ಎತ್ತಿಡುವ ಕೆಲಸವಿದು. ಅಕ್ಕಿಯಲ್ಲಿ ಕಲ್ಲು ಆರಿಸಿದ ಕೈಗೆ ಇದು ತೀರ ಅಪರಿಚಿತವೆನಿಸದು.

ರಾಮರಾಯರು 1958ರಲ್ಲಿ ಭಾರತೀಯ ಭೂವೈಜ್ಞಾನಿಕ ಸಂಘವನ್ನು ಬೆಂಗಳೂರಿನಲ್ಲಿ ಕಟ್ಟುವುದರಲ್ಲಿ ಮುಂದಾಳಾಗಿ, 1974ರಲ್ಲಿ ತೀರಿಕೊಂಡರು. 2008ರಲ್ಲಿ ಭೂವಿಜ್ಞಾನಿ ಗೆರ್ಟಾ ಕೆಲ್ಲರ್ ಮತ್ತವರ ಸಂಗಡಿಗರು ಅದೇ ರಾಜಮಹೇಂದ್ರಿಯ ಕಲ್ಲುಗಣಿಗಳಲ್ಲಿ, ಕೆಳಗಿನ ಲಾವಾದ ಮೇಲಣ ಕೆಸರಿನಲ್ಲಿ, ಕ್ರಿಟೇಷಿಯಸ್ ಯುಗವನ್ನು ಮುಗಿಸಿದ ಮಹಾವಿನಾಶದ ಬೆನ್ನಿಗೇ ಹುಟ್ಟಿದ ಕುಬ್ಜ ಫೊರಾಮಿನಿಫೆರಗಳನ್ನು ಕಂಡರು. ಅವುಗಳಲ್ಲಿ ಬಹುಪಾಲು ಮಿಲಿಮೀಟರಿನ ಹತ್ತರಲ್ಲೊಂದಂಶಕ್ಕೂ ಕಿರಿದು. ವಯಸ್ಸು ಸುಮಾರು 6.6 ಕೋಟಿ ವರ್ಷ.