ಫಜ್ರ್‌ನ ಬೆಳಕಿನಿಂದ ಗಾಳಿಯನ್ನು ಅಳೆದ ಕಾಝಿ

ಚಿಂತಾಮಣಿ ತಾಲೂಕಿನ ಅಂಬಾಜಿದುರ್ಗ ಸಮುದ್ರಮಟ್ಟದಿಂದ 1,300 ಮೀಟರ್‌ಗೂ ಹೆಚ್ಚು ಎತ್ತರದ ಬೆಟ್ಟ. ಟಿಪ್ಪು ಸುಲ್ತಾನರ ಕೋಟೆಗಳ ಸಾಲಿನಲ್ಲಿದ್ದ ಇದು, 1791ರಲ್ಲಿ ನಂದಿದುರ್ಗದ ಸುತ್ತಲಿನ ದುರ್ಗಗಳು ಬ್ರಿಟಿಷರ ವಶವಾದಾಗ ಕೈತಪ್ಪಿತು. ಯುದ್ಧದ ಕಥೆ ನಮ್ಮಲ್ಲಿ ಹಲವರಿಗೆ ಗೊತ್ತು. ಇಲ್ಲಿ ಹೇಳಹೊರಟಿರುವುದು ಬೇರೆ. ಆ ಬೆಟ್ಟದ ಮೇಲೆ ನಿಂತು ಪೂರ್ವಕ್ಕೆ ನೋಡಿದರೆ, ಸೂರ್ಯ ಮೂಡುವ ಒಂದು ಗಂಟೆಗೂ ಮೊದಲೇ ದಿಗಂತದುದ್ದಕ್ಕೂ ಬೆಳ್ಳನೆಯ ಅಂಚು ಹರಡುತ್ತದೆ. ಅದೇ ಸುಬ್‌ಹೇ ಸಾದಿಕ್. ಸಹರಿ ಮುಗಿಯುವುದೂ ಫಜ್ರ್‌ನ ವೇಳೆ ಆರಂಭವಾಗುವುದೂ ಆಗಲೇ.

ಸೂರ್ಯನೇ ಇಲ್ಲದಾಗ ಈ ಬೆಳಕು ಎಲ್ಲಿಂದ ಬಂತು? ಗಾಳಿಯಿಂದ. ನಮಗೆ ಮರೆಯಾಗಿರುವ ಸೂರ್ಯನ ಕಿರಣ ಮೇಲಿನ ಗಾಳಿಗೆ ಮೊದಲು ತಾಗುತ್ತದೆ, ಗಾಳಿ ಅದನ್ನು ಚದುರಿಸಿ ನಮ್ಮತ್ತ ಕಳಿಸುತ್ತದೆ. ಗಾಳಿಯಿಲ್ಲದ ಚಂದ್ರನ ಮೇಲೆ ಇಂಥ ಮುಂಜಾವು ಇಲ್ಲ.

ಈ ಬೆಳಕನ್ನೇ ಅಳತೆಗೋಲು ಮಾಡಿಕೊಂಡವರು 11ನೇ ಶತಮಾನದ ಅಂದಲೂಸಿನ ಇಬ್ನ್ ಮುಆದ್ ಅಲ್‌ಜಯ್ಯಾನಿ. ಅವರು ಗಣಿತಜ್ಞರು, ಜಯ್ಯಾನ್ ಪಟ್ಟಣದ ಕಾಝಿ. ಬೆಳಗಿನ ಮೊದಲ ಅಂಚು ಕಾಣುವಾಗ ಸೂರ್ಯ ದಿಗಂತದಿಂದ ಸುಮಾರು 19 ಡಿಗ್ರಿ ಕೆಳಗಿರುತ್ತಾನೆ ಎಂಬುದನ್ನು ಹಿಡಿದು, ಭೂಮಿಯ ಸುತ್ತಳತೆ 24,000 ಮೈಲಿ ಎಂದು ಇಟ್ಟುಕೊಂಡು ಲೆಕ್ಕ ಹಾಕಿದರು. ಬೆಳಕು ಚದುರಿಸುವಷ್ಟು ದಟ್ಟಣೆ ಸುಮಾರು 52 ಮೈಲಿ ಎತ್ತರದವರೆಗೆ ಇದೆ ಎಂಬುದು ಅವರ ಉತ್ತರ. ಇಂದಿನ ಅಳತೆಯಲ್ಲಿ 86 ಕಿಲೋಮೀಟರ್‌ನಷ್ಟಾಯಿತು. ಗಾಳಿಗೆ ಛಾವಣಿಯಂಥ ಗಡಿಯಿಲ್ಲ, ಅದು ತೆಳುವಾಗುತ್ತಾ ಹೋಗುತ್ತದೆ. ಆದರೂ ರಾಕೆಟ್ಟೂ ಬಲೂನೂ ಇಲ್ಲದ ಕಾಲದಲ್ಲಿ ಬರಿಗಣ್ಣು ಮತ್ತು ತ್ರಿಕೋನಮಿತಿಯಿಂದ ಇಷ್ಟು ದೂರ ಬಂದದ್ದು ಸಣ್ಣ ಮಾತಲ್ಲ.

ಈ ಪುಸ್ತಕ ಲ್ಯಾಟಿನ್‌ಗೆ ಹೋದ ಮೇಲೆ ಯುರೋಪಿನವರು ಅದನ್ನು ಇಬ್ನುಲ್ ಹೈಸಮ್‌ರದ್ದೆಂದು ಶತಮಾನಗಳ ಕಾಲ ನಂಬಿದರು. 1967ರಲ್ಲಿ ಅಬ್ದುಲ್ ಹಮೀದ್ ಸಬ್ರಾ ಎಂಬ ವಿದ್ವಾಂಸರು ನಿಜವಾದ ಕರ್ತೃವನ್ನು ತೋರಿಸಿಕೊಟ್ಟರು. ನಮ್ಮ ಭಾಷಣ, ಬರಹಗಳಲ್ಲಿ ಹಳೆಯ ತಪ್ಪು ಇನ್ನೂ ಉಳಿದಿದೆ. ಪೂರ್ವಿಕರ ಹಿರಿಮೆ ಹೇಳುವವರು ಹೆಸರನ್ನಾದರೂ ಸರಿಯಾಗಿ ಹೇಳಬೇಡವೇ?

ಗಾಳಿ ಮೇಲೆ ಹೋದಂತೆ ತೆಳುವಾಗುತ್ತದೆ ಎಂಬುದನ್ನು ಮರ್ವ್ ನಗರದ ಅಲ್‌ಖಾಝಿನಿ 1121ರ ಸುಮಾರಿಗೆ ತಕ್ಕಡಿಗಳ ಬಗ್ಗೆ ಬರೆದ 'ಮೀಝಾನುಲ್ ಹಿಕ್ಮ'ದಲ್ಲಿ ಚರ್ಚಿಸಿದರು. ನೀರಿನಂತೆ ಗಾಳಿಯೂ ವಸ್ತುವನ್ನು ಮೇಲಕ್ಕೆತ್ತುತ್ತದೆ, ಆದ್ದರಿಂದ ತೆಳುಗಾಳಿಯಲ್ಲಿ ಅದೇ ವಸ್ತು ತುಸು ಹೆಚ್ಚು ತೂಗುತ್ತದೆ ಎಂದರು. ಇಟಲಿಯ ಟಾರಿಸೆಲ್ಲಿ ಪಾದರಸದ ಕೊಳವೆಯಿಂದ ಗಾಳಿಯ ಒತ್ತಡ ಅಳೆದದ್ದು 1643ರಲ್ಲಿ. ಆ ಕೊಳವೆಯಲ್ಲಿ ಪಾದರಸ ಸಮುದ್ರತೀರದಲ್ಲಿ 760 ಮಿಲಿಮೀಟರ್ ನಿಂತರೆ, ಅಂಬಾಜಿದುರ್ಗದ ನೆತ್ತಿಯಲ್ಲಿ 650ರ ಆಸುಪಾಸಿನಲ್ಲಿ ನಿಲ್ಲುತ್ತದೆ. ಅಂದರೆ ಗಾಳಿಯ ಏಳನೇ ಒಂದು ಪಾಲು ಆಗಲೇ ನಮ್ಮ ಕಾಲ ಕೆಳಗೆ. ನೀರು ಅಲ್ಲಿ 96 ಡಿಗ್ರಿಯೊಳಗೇ ಕುದಿಯುತ್ತದೆ. ಚಹಾಕ್ಕೆ ಅಡ್ಡಿಯಿಲ್ಲ, ಬೇಳೆ ಮಾತ್ರ ಬೇಗ ಬೇಯದು.

ಪ್ರಮಾಣ ತಗ್ಗಿದರೂ ಬೆರಕೆ ಬದಲಾಗುವುದಿಲ್ಲ. ತೇವಾಂಶ ಬಿಟ್ಟರೆ ಬೆಟ್ಟದ ಬುಡದಲ್ಲೂ ನೆತ್ತಿಯಲ್ಲೂ 100 ಪಾಲಿನಲ್ಲಿ 78 ಸಾರಜನಕ, 21ರಷ್ಟು ಆಮ್ಲಜನಕ, ಒಂದಕ್ಕೂ ಕಡಿಮೆ ಆರ್ಗಾನ್. ಇಂಗಾಲದ ಡೈ ಆಕ್ಸೈಡ್ 0.04 ಮಾತ್ರ. ಕಾರ್ಖಾನೆಗಳ ಯುಗಕ್ಕೆ ಮೊದಲು ಅದು 0.028 ಇತ್ತು.

ಮಸೀದಿಯ ಗೋಡೆಯಲ್ಲಿ ತೂಗುಹಾಕಿದ ವೇಳಾಪಟ್ಟಿಗೆ ಬರೋಣ. ನಮ್ಮ ಕಡೆ ಫಜ್ರ್‌ಗೆ ಸಾಮಾನ್ಯವಾಗಿ ಹಿಡಿಯುವ ಲೆಕ್ಕ 18 ಡಿಗ್ರಿ, ಅಲ್‌ಬಿರೂನಿ ಕೊಟ್ಟ ಅಂಕಿಯೂ ಅದೇ. ಚಿಂತಾಮಣಿಯಲ್ಲಿ ಅದು ಸೂರ್ಯೋದಯಕ್ಕೆ 70ರಿಂದ 80 ನಿಮಿಷ ಮೊದಲು. 15 ಡಿಗ್ರಿ ಸಾಕು ಎನ್ನುವವರೂ ಇದ್ದಾರೆ; ಆಗ ವೇಳೆ ಹನ್ನೆರಡು ಹದಿಮೂರು ನಿಮಿಷ ತಡವಾಗುತ್ತದೆ. ಅದನ್ನು ತೀರ್ಮಾನಿಸಬೇಕಾದವರು ಉಲಮಾಗಳು. ಲಂಡನ್ನಿನಲ್ಲಿರುವ ನಮ್ಮವರ ಪಾಡು ಇನ್ನೂ ಕಷ್ಟ. ಅಲ್ಲಿ ಜೂನ್ ತಿಂಗಳಿನಲ್ಲಿ ಸೂರ್ಯ 18 ಡಿಗ್ರಿ ಕೆಳಗೆ ಇಳಿಯುವುದೇ ಇಲ್ಲ. ನಡುರಾತ್ರಿಯಲ್ಲೂ ಗಾಳಿ ಬೆಳಕು ಹಿಡಿದುಕೊಂಡೇ ಇರುತ್ತದೆ.